ಎರಡು ಪಂಚರಿನಷ್ಟು ಹೊತ್ತು

ಹೋದ ತಿಂಗಳು ಅಕ್ಕನ ಮೊಮ್ಮಗಳು ಸಿಂಚನ ನಮ್ಮ ಮನೆಗೆ ಬಂದಾಗ ನಾನು ಹಳೆಯದೊಂದು ಲಗ್ನಪತ್ರಿಕೆಯನ್ನು ಮುಂದಿಟ್ಟುಕೊಂಡು, ಅದರಲ್ಲಿ ಅಚ್ಚಾಗಿರುವ ತಿಥಿಗೂ ವಾರಕ್ಕೂ ಹೊಂದಾಣಿಕೆಯಿದೆಯೇ ಎಂದು ಪಂಚಾಂಗದಲ್ಲಿ ಹುಡುಕುತ್ತಿದ್ದೆ. ಆ ದಂಪತಿಗಳಿಗೆ ಈಗ ಮೊಮ್ಮಕ್ಕಳಿದ್ದಾರೆ. ವಾರ ತಪ್ಪಾಗಿ ಅಚ್ಚಾಗಿದೆಯೆಂದು ತಿಳಿದರೂ ಯಾರೂ ಏನೂ ಮಾಡುವಂತಿಲ್ಲ. ಆದರೂ ಹುಡುಕುತ್ತಿದ್ದೆ. ನಿವೃತ್ತನಾದ ಮೇಲೆ ಸಂಶೋಧನಾಲಯ ನನ್ನನ್ನು ಬಿಟ್ಟಿತೇ ಹೊರತು ಸಂಶೋಧನಾಲಯದ ಅಭ್ಯಾಸಗಳು ಬಿಡಲಿಲ್ಲ.

ಸಿಂಚನ ಸ್ವಲ್ಪ ಹೊತ್ತು ನೋಡಿ, "ತಾತ, ನೀವು ಪಕ್ಕಾ ನರ್ಡ್" ಎಂದಳು.

"ಅದು ಬೈಗುಳವೇನಮ್ಮ?"

"ಬೈಗುಳ ಅಲ್ಲ ತಾತ. ಹೊಗಳಿಕೆನೂ ಅಲ್ಲ."

"ಮೊನ್ನೆ ನಿಮ್ಮಪ್ಪನಿಗೆ ಗೀಕ್ ಅಂತಿದ್ದೆ. ಎರಡೂ ಒಂದೇ ತಾನೆ?"

"ಅಯ್ಯೋ, ಬೇರೆ ಬೇರೆ. ಅಪ್ಪಂಗೆ ಕ್ಯಾಮರಾ ಅಂದ್ರೆ ಹುಚ್ಚು. ಬಿಚ್ತಾರೆ, ಜೋಡಿಸ್ತಾರೆ, ಊಟಕ್ಕೆ ಕೂತ್ರೂ ಅದೇ ಮಾತು. ಅದು ಗೀಕ್. ನೀವು ಓದ್ತೀರ, ಎಲ್ಲಾ ಗೊತ್ತಿರತ್ತೆ, ಗೊತ್ತಿರೋದು ಸರಿಯಾಗಿದ್ಯಾ ಅಂತ ಮತ್ತೆ ನೋಡ್ತೀರ. ಅದು ನರ್ಡ್."

"ಕ್ಯಾಮರಾ ವಿಷಯ ನಿಮ್ಮಪ್ಪನಿಗೂ ಎಲ್ಲಾ ಗೊತ್ತಲ್ಲ?"

"ಗೊತ್ತು. ಆದ್ರೆ ಗೊತ್ತಿರಬೇಕು ಅಂತ ಮಾಡಲ್ಲ" ಎಂದು ಹೇಳಿ ಅವಳು ಒಳಗೆ ಹೋದಳು.

ಅವಳು ಹೋದ ಕೂಡಲೇ ನಾನು ಮಾಡಿದ ಕೆಲಸ ಅವಳ ಮಾತನ್ನೇ ಸಮರ್ಥಿಸುವಂತಿತ್ತು: ಎದ್ದು ಹೋಗಿ ಎರಡು ಇಂಗ್ಲಿಷ್ ನಿಘಂಟುಗಳನ್ನು ತೆಗೆದೆ. ಗೀಕ್ ಎಂಬ ಪದಕ್ಕೆ ಹಿಂದೆ ಮೂರ್ಖನೆಂಬ ಅರ್ಥವಿತ್ತೆಂದೂ, ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆ ಕಚ್ಚಿ ಜನರನ್ನು ಬೆರಗುಗೊಳಿಸುತ್ತಿದ್ದವನಿಗೂ ಅದೇ ಹೆಸರಿತ್ತೆಂದೂ ತಿಳಿಯಿತು. ನರ್ಡ್ ಎಲ್ಲಿಂದ ಬಂದಿತೆಂಬುದು ಯಾರಿಗೂ ಖಚಿತವಿಲ್ಲ. ಪುಸ್ತಕ ಮುಚ್ಚುವಾಗ ನನಗೆ ನಗು ಬಂದಿತು. ಈ ಎರಡು ಜಾತಿಯವರು ಒಂದೇ ಹಾಲಿನ ಕ್ಯಾನಿನ ಆಚೆ ಈಚೆ ನಿಂತದ್ದನ್ನು ನಾನು ನಮ್ಮೂರಿನಲ್ಲೇ ಕಂಡಿದ್ದೆ. ಆ ಇಬ್ಬರಲ್ಲಿ ಒಬ್ಬ ನಾನೇ.

ನಮ್ಮೂರು ಕೋಲಾರ ತಾಲ್ಲೂಕಿನದು. ಕ್ಯಾಲನೂರಿನಲ್ಲಿ ಬಸ್ಸಿಳಿದು ನಡೆಯಬೇಕು. ಹೆಸರು ಬರೆಯುವುದಿಲ್ಲ, ಏಕೆಂದರೆ ಈ ಪ್ರಸಂಗದಲ್ಲಿ ಹಾಲಿನ ಸರತಿಯಲ್ಲಿ ನಿಂತಿದ್ದವರ ಮಕ್ಕಳು ಈಗಲೂ ಅಲ್ಲಿ ಹಾಲು ಹಾಕುತ್ತಿದ್ದಾರೆ. ಕಾಲದ ವಿಷಯದಲ್ಲಿ ಮಾತ್ರ ನಿಖರವಾಗಿರಬೇಕೆಂಬ ಆಸೆ ನನಗೆ. ಆದರೆ ನನ್ನ ಬಳಿಯಿರುವ ಮೂರು ಆಧಾರಗಳು ಒಂದಕ್ಕೊಂದು ಒಪ್ಪುವುದಿಲ್ಲ. ನನ್ನ ಬಿ.ಎಸ್ಸಿ. ಅಂಕಪಟ್ಟಿ ಒಂದು ವರ್ಷವನ್ನು ಹೇಳುತ್ತದೆ. ತಾನು ಬಾಣಂತನಕ್ಕೆ ಬಂದಿದ್ದ ವರ್ಷವೆಂದು ಅಕ್ಕ ಇನ್ನೊಂದನ್ನು ಹೇಳುತ್ತಾಳೆ. ಮೂರನೆಯದು ಎಂಬತ್ತರ ಫೆಬ್ರವರಿಯ ಸೂರ್ಯಗ್ರಹಣ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದ ಆ ದಿನ ಸೈಕಲ್ ಶಾಪಿನ ಮುನಿಸ್ವಾಮಿ ಬೇವಿನ ಮರಕ್ಕೆ ಥರ್ಮಾಮೀಟರ್ ತೂಗುಹಾಕಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅಂದರೆ ಅಷ್ಟರಲ್ಲಿ ಅವನು ಹಾಲು ಅಳೆಯುವ ಲ್ಯಾಕ್ಟೋಮೀಟರನ್ನು ಬಿಟ್ಟು ಥರ್ಮಾಮೀಟರಿಗೆ ದಾಟಿದ್ದನು. ಆದ್ದರಿಂದ ನಾನು ಹೇಳಹೊರಟದ್ದು ಆ ಗ್ರಹಣಕ್ಕೆ ಹಿಂದಿನ ಯಾವುದೋ ಮಾಗಿಯ ಚಳಿಯಲ್ಲಿ ನಡೆದದ್ದು. ಇದಕ್ಕಿಂತ ಹತ್ತಿರ ಹೋಗಲು ನನ್ನಿಂದ ಸಾಧ್ಯವಾಗಿಲ್ಲ.

ಮುನಿಸ್ವಾಮಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಗೆರೆ ಕೊರೆದಿರುವ ಯಾವ ವಸ್ತುವನ್ನು ಕಂಡರೂ ಅವನ ಕಣ್ಣು ಅದರ ಮೇಲೆ ನಿಲ್ಲುತ್ತಿತ್ತು: ದರ್ಜಿಯ ಟೇಪು, ಕಾಂಪೌಂಡರನ ಔಷಧದ ಸೀಸೆ, ಸೀಮೆಎಣ್ಣೆ ಅಳೆಯುವ ಡಬ್ಬ. ಕೋಲಾರದ ಗುಜರಿ ಅಂಗಡಿಯೊಂದರಲ್ಲಿ ಅವನಿಗೊಮ್ಮೆ ಹಳೆಯ ಲ್ಯಾಕ್ಟೋಮೀಟರ್ ಸಿಕ್ಕಿತು. ಲ್ಯಾಕ್ಟೋಮೀಟರ್ ಎಂದರೆ ಕೆಳಗೆ ಗಾಜಿನ ಬುರುಡೆ, ಮೇಲೆ ತೆಳ್ಳನೆಯ ಗಾಜಿನ ಕಡ್ಡಿ, ಕಡ್ಡಿಯೊಳಗೆ ಗೆರೆಗಳು. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ. ಹಾಲು ಗಟ್ಟಿಯಿದ್ದರೆ ಕಡ್ಡಿ ಮೇಲೇಳುತ್ತದೆ, ನೀರಾಗಿದ್ದರೆ ಮುಳುಗುತ್ತದೆ. ಗೆರೆಯನ್ನು ನಮ್ಮಲ್ಲಿ ಡಿಗ್ರಿ ಎನ್ನುತ್ತಾರೆ. ಮುನಿಸ್ವಾಮಿ ಅದು ಒಡೆಯದಂತೆ ಸೈಕಲ್ ಟ್ಯೂಬಿನ ತುಂಡೊಂದರೊಳಗೆ ತೂರಿಸಿ, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗತೊಡಗಿದನು.

ಸೈಕಲ್ಲಿನ ಬಿಡಿಭಾಗಗಳಿಗೆಂದು ಅವನು ಸುತ್ತಲಿನ ಪೇಟೆಗಳಿಗೆ ಹೋಗುವುದಿತ್ತು. ಹೋದಲ್ಲೆಲ್ಲ ಅದನ್ನು ಯಾವುದಾದರೊಂದಕ್ಕೆ ಅದ್ದಿ ಬರುತ್ತಿದ್ದನು. ಶ್ರೀನಿವಾಸಪುರದಲ್ಲಿ ಮಾವಿನ ರಸಕ್ಕೆ ಬಿಟ್ಟರೆ ಅದು ಒಳಗಿಳಿಯದೆ ಮೇಲೆಯೇ ಕುಳಿತಿತಂತೆ. ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಮಣ್ಣು ಕಲಸುವ ತೊಟ್ಟಿಗೆ ಅದ್ದಿ ತದೇಕಚಿತ್ತನಾಗಿ ನೋಡುತ್ತಿದ್ದಾಗ ಕೆಲಸದವರು ಸರ್ಕಾರದಿಂದ ಯಾರೋ ಬಂದಿದ್ದಾರೆಂದು ಟೀ ತರಿಸಿಕೊಟ್ಟರು. ಅವನು ಕುಡಿದು ಬಂದನು. ಮುಳಬಾಗಿಲಿನ ಹೋಟೆಲಿನಲ್ಲಿ ದೋಸೆಯ ಹಿಟ್ಟಿಗೆ ಅದ್ದಲು ಅನುಮತಿ ಕೇಳಿದನು. ಮಾಲೀಕರು ಗಾಜಿನ ಕಡ್ಡಿಯನ್ನೂ ಇವನ ಮುಖವನ್ನೂ ನೋಡಿ ತೆಲುಗಿನಲ್ಲಿ, "ಏಮಯ್ಯಾ, ಪಿಂಡಿಕಿ ಜ್ವರಮಾ?" ಎಂದರಂತೆ. ಹಿಟ್ಟಿಗೆ ಜ್ವರ ಬಂದಿದೆಯೇ ಎಂಬ ಆ ಪ್ರಶ್ನೆಯನ್ನು ಅವನು ನಮ್ಮೂರಿನಲ್ಲಿ ವರ್ಷಗಟ್ಟಲೆ ತಾನೇ ಹೇಳಿಕೊಂಡು ನಕ್ಕನು. ಎಲ್ಲ ಅಳತೆಗಳೂ ಅವನ ಅಂಗಡಿಯ ಹಲಗೆಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ದಾಖಲಾಗಿದ್ದವು. ಎಳನೀರಿನದೂ ಅಲ್ಲಿತ್ತು.

"ಯಾತಕ್ಕಣ್ಣ ಇದೆಲ್ಲ?" ಎಂದು ನಾನೊಮ್ಮೆ ಕೇಳಿದೆ.

"ಯಾತಕ್ಕೂ ಇಲ್ಲ ಕಣೋ. ಎಳನೀರು ಹಾಲಿಗೆ ಅಷ್ಟು ಹತ್ರ ಅಂತ ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಪಠ್ಯದಲ್ಲಿ ಇರಲಿಲ್ಲವಾದ್ದರಿಂದ ಗೊತ್ತಿರಬೇಕಾಗಿಯೂ ಇರಲಿಲ್ಲ ಎಂದು ನಾನು ಭಾವಿಸಿದೆ.

ಅಂದಿನ ನನ್ನ ಚಿತ್ರವನ್ನೂ ಕೊಡಬೇಕು. ಕೋಲಾರದಲ್ಲಿ ಕಾಲೇಜು, ಎಣ್ಣೆ ಹಚ್ಚಿ ಬಾಚಿದ ತಲೆ, ಜೇಬಿನಲ್ಲಿ ನೀಲಿಯದೊಂದು ಕೆಂಪಿನದೊಂದು ಪೆನ್ನು. ಭೌತಶಾಸ್ತ್ರದ ವ್ಯಾಖ್ಯೆಗಳನ್ನು ಅಲ್ಪವಿರಾಮ ತಪ್ಪದಂತೆ ಒಪ್ಪಿಸುತ್ತಿದ್ದೆ. ಚಳಿಗಾಲದ ರಜೆಗೆ ಊರಿಗೆ ಬಂದಾಗ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಟೆಸ್ಟರ್ ಕಾಯಿಲೆಯಾಗಿ ಮಲಗಿದ್ದನು. ಸೆಕ್ರೆಟರಿ ವೆಂಕಟೇಗೌಡರು ಮನೆಗೆ ಬಂದು ನಮ್ಮ ತಂದೆಯವರಿಗೆ, "ನಿಮ್ಮ ಹುಡುಗ ಸೈನ್ಸ್ ಓದವ್ನೆ. ಒಂದು ತಿಂಗ್ಳು ಅವ್ನೇ ನೋಡ್ಕೊಳ್ಲಿ" ಎಂದರು. ನಾನು ಆ ರಾತ್ರಿಯೇ ಡೈರಿಯ ನಿಯಮಪುಸ್ತಕವನ್ನು ಬಾಯಿಪಾಠ ಮಾಡಿದೆ.

ಹಿಂದಿನ ಟೆಸ್ಟರ್ ಆರು ಗಂಟೆಗೆ ಬರಬೇಕಾದವನು ಎಂದೂ ಆರಕ್ಕೆ ಬಂದವನಲ್ಲ. ಬೀಡಿ ಮುಗಿಸಿ, ಟೀ ಮುಗಿಸಿ ಆರೂವರೆಯ ಮೇಲೆ ಬರುತ್ತಿದ್ದನು. ನಾನು ಆರಕ್ಕೆ ಸರಿಯಾಗಿ ಬಾಗಿಲು ತೆಗೆದು ಸರತಿಯ ಮೊದಲ ಪಾತ್ರೆಗೆ ಲ್ಯಾಕ್ಟೋಮೀಟರ್ ಬಿಡುತ್ತಿದ್ದೆ. ಸರತಿಯಲ್ಲಿ ಪ್ರತಿದಿನವೂ ಮೊದಲು ಅಕ್ಕಯಮ್ಮ. ಡೈರಿಯ ಗೋಡೆಗೂ ಅವರ ಕೊಟ್ಟಿಗೆಯ ಗೋಡೆಗೂ ನಡುವೆ ಒಂದು ಓಣಿ ಮಾತ್ರ. ಹಾಲು ಕರೆದು, ಸೆರಗಿನಲ್ಲಿ ಕೈ ಒರೆಸಿಕೊಂಡು, ನೇರ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಒಂದು ಸೀಮೆಹಸು, ಒಂದು ತುಂಡು ಹಿಪ್ಪುನೇರಳೆ ತೋಟ, ಅಷ್ಟೇ ಸಂಸಾರ.

ಮೊದಲ ದಿನ ಅವರ ಹಾಲಿಗೆ ಇಪ್ಪತ್ತೈದು ಡಿಗ್ರಿ ಬಂದಿತು. ಇಪ್ಪತ್ತಾರಕ್ಕಿಂತ ಕಡಿಮೆಯಾದರೆ ನೀರು ಬೆರೆಸಿದ ಹಾಲು ಎಂದು ನಿಯಮ. ನಾನು ಹಾಲು ವಾಪಸು ಕೊಟ್ಟು, ಕೆಂಪು ಪೆನ್ನಿನಿಂದ ಅವರ ಹೆಸರಿನ ಮುಂದೆ 'ನೀರು' ಎಂದು ಬರೆದೆ. ಮರುದಿನವೂ ಅದೇ. ಅದರ ಮರುದಿನವೂ ಅದೇ. ಊರ ಆ ಕೊನೆಯಿಂದ, ತೋಟದ ಮನೆಗಳಿಂದ ಬರುತ್ತಿದ್ದವರ ಹಾಲೆಲ್ಲ ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು.

"ಏನಪ್ಪಾ ಸೀನಪ್ಪ, ನಿನ್ನ ಗಾಜಿನ ಕಡ್ಡಿ ನನ್ನ ಮೇಲೆ ಸುಳ್ಳು ಹೇಳ್ತೈತಲ್ಲ" ಎಂದರು ಅಕ್ಕಯಮ್ಮ.

"ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ ಅಕ್ಕಯಮ್ಮ."

"ಹಂಗಾರೆ ನಂಗೆ ಬರ್ತೈತಾ?"

ನಾನು ಮುಂದಿನ ಪಾತ್ರೆಗೆ ಕೈ ಚಾಚಿದೆ. ನಿಯಮಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಎರಡನೆಯ ವಾರದ ಹೊತ್ತಿಗೆ ಸರತಿಯಲ್ಲಿದ್ದ ಹೆಂಗಸರು ತಮ್ಮ ಪಾತ್ರೆಗಳನ್ನು ಅವರ ಪಾತ್ರೆಯಿಂದ ಸ್ವಲ್ಪ ದೂರಕ್ಕೆ ಸರಿಸಿ ಇಡತೊಡಗಿದರು. "ಹಳೇ ಟೆಸ್ಟರು ಇವಳ ಕಡೆಯೋನು ಅನ್ಸುತ್ತೆ, ಅದಕ್ಕೆ ಇಷ್ಟು ದಿನ ನಡೀತು" ಎಂಬ ಮಾತೂ ಹುಟ್ಟಿತು. ಭಾನುವಾರ ಸಂಜೆ ಡೈರಿಯ ಮುಂದೆ ಮೀಟಿಂಗ್, ಅಲ್ಲಿ ಅಕ್ಕಯಮ್ಮನ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯುವುದು ಎಂದು ಸೆಕ್ರೆಟರಿ ತಿಳಿಸಿದರು. ಶುಕ್ರವಾರ ಬೆಳಿಗ್ಗೆ ಅಕ್ಕಯಮ್ಮ ಜಗಳವಾಡಲಿಲ್ಲ. ವಾಪಸು ಕೊಟ್ಟ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು, ಮನೆಮಾತಾದ ತೆಲುಗಿಗೆ ಜಾರಿ, "ನಾ ಪೇರು ಪೋಯಿಂದಪ್ಪಾ" ಎಂದಷ್ಟೇ ಹೇಳಿದರು. ತನ್ನ ಹೆಸರು ಹೋಯಿತು ಎಂದು. ಆಮೇಲೆ ಕನ್ನಡದಲ್ಲಿ, "ನೀವು ಹೆಸ್ರು ಹೊಡೆದುಹಾಕೋದಕ್ಕೆ ಮುಂಚೆ ನಾನೇ ಹಸು ಹೊಡ್ಕೊಂಡು ಯಲ್ದೂರಿಗೆ ಹೋಗ್ತೀನಿ. ತವ್ರು ಮನೇಲಿ ಯಾರೂ ನನ್ನ ಹಾಲಿಗೆ ಕಡ್ಡಿ ಇಡಲ್ಲ" ಎಂದರು. ನನಗೆ ಕೆಡುಕೆನಿಸಿತು. ಆದರೆ ನಾನು ಸರಿಯಾಗಿದ್ದೆನೆಂಬ ಸಮಾಧಾನವೂ ಇತ್ತು. ಆ ಎರಡು ಭಾವಗಳು ಒಬ್ಬನಲ್ಲಿ ಎಷ್ಟು ಸಲೀಸಾಗಿ ಜೊತೆಗಿರಬಲ್ಲವೆಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಶನಿವಾರ ಸೈಕಲ್ಲಿಗೆ ಗಾಳಿ ಹಾಕಿಸಲು ಮುನಿಸ್ವಾಮಿಯ ಅಂಗಡಿಗೆ ಹೋದೆ. ಅವನು ಪಂಚರ್ ನೋಡುವ ನೀರಿನ ಬಾಣಲಿಯ ಮುಂದೆ ಕುಳಿತಿದ್ದನು. ಬಾಣಲಿಯ ನೀರಿನಲ್ಲಿ ಒಂದು ಎತ್ತರದ ಲೋಟ, ಲೋಟದಲ್ಲಿ ಹಾಲು, ಹಾಲಿನಲ್ಲಿ ಲ್ಯಾಕ್ಟೋಮೀಟರ್.

"ಬಾ ಸೀನ. ಹಾಲು ಕೂತ್ಕೊಂಡ್ರೆ ಗಟ್ಟಿಯಾಗ್ತದೆ ಕಣೋ."

"ಕೂತ್ಕೊಂಡ್ರೆ ಕೆನೆ ಕಟ್ಟುತ್ತಣ್ಣ. ಗಟ್ಟಿಯಾಗಲ್ಲ. ಪುಸ್ತಕದಲ್ಲಿ ಹಾಗೆಲ್ಲೂ ಇಲ್ಲ."

"ನಿನ್ನ ಪುಸ್ತಕ ಯಾವತ್ತಾದ್ರೂ ಹಾಲು ಕುಡ್ದೈತಾ?" ಎಂದು ಅವನು ಬಾಗಿಲಿನ ಕಡೆಗೆ ಕೈ ತೋರಿಸಿದನು. ಸೀಮೆಸುಣ್ಣದ ಹೊಸ ಸಾಲು: ತಂದ ಕೂಡಲೇ ಇಪ್ಪತ್ತೈದು. ಒಂದು ಪಂಚರ್ ಹಾಕಿದ ಮೇಲೆ ಇಪ್ಪತ್ತಾರೂವರೆ. ಎರಡು ಪಂಚರ್ ಹಾಕಿದ ಮೇಲೆ ಇಪ್ಪತ್ತೆಂಟು. ಅವನ ಬಳಿ ಗಡಿಯಾರವಿರಲಿಲ್ಲ. ಕಾಲವನ್ನು ಪಂಚರಿನಲ್ಲಿ ಅಳೆಯುತ್ತಿದ್ದನು. ಕೆಳಗೆ ಅದೇ ಲೆಕ್ಕ ಇನ್ನೂ ನಾಲ್ಕು ದಿನದ್ದಿತ್ತು.

"ಇದು ಯಾರ ಹಾಲು?"

"ಅಕ್ಕಯಮ್ಮಂದು. ನೀನು ವಾಪಸ್ ಕಳಿಸ್ತೀಯಲ್ಲ, ಟೀಗೆ ಅಂತ ನಾನು ತಗೋತೀನಿ. ಓಣಿ ದಾಟಿದ್ರೆ ನನ್ನ ಅಂಗ್ಡಿ, ಇನ್ನೂ ಹೊಗೆ ಆಡ್ತಿರ್ತದೆ."

ನಾನು ಬಾಗಿಲಿನ ಸಾಲನ್ನು ಮತ್ತೊಮ್ಮೆ ಓದಿದೆ. ನೀರು ಬೆರೆತ ಹಾಲು ಎಷ್ಟು ಹೊತ್ತು ಕುಳಿತರೂ ನೀರು ಬೆರೆತ ಹಾಲೇ. ಅದು ಇಪ್ಪತ್ತೆಂಟಕ್ಕೆ ಏರಲಾರದು. ಹಾಗಾದರೆ ಇಲ್ಲಿ ಬದಲಾಗುತ್ತಿದ್ದುದೇನು? ಉಷ್ಣತೆ ಹೆಚ್ಚಿದಂತೆ ದ್ರವದ ಸಾಂದ್ರತೆ ಕಡಿಮೆಯಾಗುತ್ತದೆ. ಈ ವಾಕ್ಯವನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಕೆಳಗೆ ಗೆರೆಯನ್ನೂ ಎಳೆದಿದ್ದೆ. ಪೂರ್ತಿ ಅಂಕ ಬಂದಿತ್ತು. ಡೈರಿಯ ನಿಯಮಪುಸ್ತಕದಲ್ಲೂ, ಡಿಗ್ರಿಯ ಕೋಷ್ಟಕದ ಹಿಂದಿನ ಪುಟದಲ್ಲಿ, ಹಾಲು ತಣಿದ ಮೇಲೆ ನೋಡತಕ್ಕದ್ದು ಎಂಬ ಸಾಲಿತ್ತು. ಅದೂ ನನಗೆ ಬಾಯಿಪಾಠವಾಗಿತ್ತು. ದೂರದಿಂದ ಬರುವವರ ಹಾಲು ಚಳಿಯಲ್ಲಿ ನಡೆದು ಬರುವಷ್ಟರಲ್ಲಿ ತಣಿಯುತ್ತಿತ್ತು. ಹಿಂದಿನ ಟೆಸ್ಟರ್ ತಡವಾಗಿ ಬರುತ್ತಿದ್ದುದರಿಂದ ಅಕ್ಕಯಮ್ಮನ ಹಾಲೂ ಕಾದು ತಣಿಯುತ್ತಿತ್ತು. ಆ ಸೋಮಾರಿ ತಿಳಿಯದೆ ಸರಿಯಾಗಿ ಮಾಡುತ್ತಿದ್ದುದನ್ನು ನಾನು ಗಡಿಯಾರ ನೋಡಿಕೊಂಡು ತಪ್ಪು ಮಾಡಿದ್ದೆ.

"ಮುನಿಸ್ವಾಮಣ್ಣ, ಇದನ್ನ ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಏನೈತೆ? ಕಡ್ಡಿ ತಾನಾಗೇ ಮೇಲೇಳೋದು ನೋಡೋಕೆ ಚೆಂದ ಅಂತ ನೋಡ್ತಿದ್ದೆ."

ಅಕ್ಕಯಮ್ಮನ ಮೇಲಿನ ಆರೋಪ ಅವನಿಗೆ ಗೊತ್ತಿತ್ತು. ಆದರೆ ಅದಕ್ಕೂ ತನ್ನ ಬಾಗಿಲಿನ ಸಾಲಿಗೂ ಸಂಬಂಧವಿದೆಯೆಂದು ಅವನಿಗೆ ಹೊಳೆದಿರಲಿಲ್ಲ. ಕಾರಣ ಬಾಯಿಪಾಠವಾಗಿದ್ದ ನನಗೆ ಕಣ್ಣಿರಲಿಲ್ಲ. ನಾನು ಹೇಳಿದ ಮೇಲೆ ಅವನ ಮುಖ ಬಾಡಿತು. "ಥೂ, ಐದು ದಿನದಿಂದ ಬಾಗಿಲ ಮೇಲೆ ಬರೆದಿಟ್ಟೀನಲ್ಲೋ" ಎಂದನು.

ಇಬ್ಬರೂ ಸೆಕ್ರೆಟರಿಯವರ ಬಳಿಗೆ ಹೋದೆವು. ಅವರು ನಂಬಲಿಲ್ಲ. "ಲೋಟದಾಗೆ ನೀವೇನ್ ಮಾಡಿದ್ರೋ ಯಾರು ಕಂಡವ್ರು? ಮೀಟಿಂಗ್ ಕರೆದಾಗೈತೆ. ರಿಜಿಸ್ಟ್ರಿನಲ್ಲಿ ನಿನ್ನ ಕೈಬರಹನೇ ಐತಲ್ಲಪ್ಪ."

ಭಾನುವಾರ ಸಂಜೆ ಜನ ಸೇರಿದರು. ಅಕ್ಕಯಮ್ಮ ಬಂದು ಗೋಡೆಗೆ ಒರಗಿ ನಿಂತರು. ನಾನು ಎದ್ದು ಸಾಂದ್ರತೆ, ಉಷ್ಣತೆ ಎಂದು ಭಾಷಣ ಆರಂಭಿಸಿದೆ. ಒಬ್ಬರಿಗೂ ಅರ್ಥವಾಗಲಿಲ್ಲ. ಹಿಂದಿನಿಂದ ಯಾರೋ, "ಏನ್ಲಾ, ಇವ್ನೇ ಬರ್ದು ಇವ್ನೇ ಅಳಿಸ್ತಾನಾ?" ಎಂದರು. ನಗೆಯೆದ್ದಿತು. ನನ್ನ ಇಡೀ ವಿದ್ಯೆ ಮೂರು ವಾಕ್ಯಗಳಲ್ಲಿ ಮುಗಿದು ನಾನು ನಿಂತೆ.

ಆಗ ಮುನಿಸ್ವಾಮಿ ಬಾಣಲಿಯನ್ನು ತಂದು ನಡುವೆ ಇಟ್ಟನು. "ಸಾಯಂಕಾಲದ ಹಾಲು ಇನ್ನೂ ಕರ್ದಿಲ್ಲ ತಾನೆ? ಸೀನನೇ ಕರೀಲಿ. ಸೆಕ್ರೆಟರಿಗಳು ಪಕ್ಕದಲ್ಲೇ ನಿಂತ್ಕೊಳ್ಲಿ. ಅಕ್ಕಯಮ್ಮ ಹಸು ಹತ್ರಕ್ಕೂ ಬರೋದು ಬೇಡ."

ಜನಕ್ಕೆ ಇದು ಅರ್ಥವಾಯಿತು. ಸೆಕ್ರೆಟರಿಯವರು ಪಾತ್ರೆಯನ್ನು ಬೋರಲು ಹಾಕಿ ತಟ್ಟಿ, ತೊಟ್ಟು ನೀರೂ ಇಲ್ಲವೆಂದು ತೋರಿಸಿ ನನ್ನ ಕೈಗೆ ಕೊಟ್ಟರು. ಒಕ್ಕಲು ಮನೆಯಲ್ಲಿ ಹುಟ್ಟಿದವನಾದರೂ ಓದುವ ಹುಡುಗನೆಂದು ನನಗೆ ಕೊಟ್ಟಿಗೆಯ ಕೆಲಸ ಹೇಳಿದವರಿಲ್ಲ. ಹಸು ನನ್ನನ್ನು ತಿರುಗಿ ನೋಡಿ ಸೊರ ಬಿಡಲು, ಅಂದರೆ ಕೆಚ್ಚಲಿಗೆ ಹಾಲು ಇಳಿಸಲು, ನಿರಾಕರಿಸಿತು. ಒಮ್ಮೆ ಬಾಲದಿಂದ ಕೆನ್ನೆಗೆ ಬಾರಿಸಿತು. ಕೊನೆಗೆ ಬಾಗಿಲಾಚೆಯಿಂದ ಅಕ್ಕಯಮ್ಮ ಅದನ್ನು ಹೆಸರು ಹಿಡಿದು ಮಾತನಾಡಿಸಿದ ಮೇಲೆ ಅರ್ಧ ಪಾತ್ರೆ ಹಾಲು ಬಂದಿತು. ಸೆಕ್ರೆಟರಿಯವರು ಪಾತ್ರೆಯಿಂದ ಕಣ್ಣು ಕೀಳದೆ ಓಣಿ ದಾಟಿಸಿದರು. ಹಾಲನ್ನು ಎತ್ತರದ ಲೋಟಕ್ಕೆ ಸುರಿದು ಡೈರಿಯ ಲ್ಯಾಕ್ಟೋಮೀಟರನ್ನೇ ಬಿಟ್ಟೆವು.

ಇಪ್ಪತ್ತೈದು.

ಮುನಿಸ್ವಾಮಿ ಬಗ್ಗಿ ನೋಡಿ ನನ್ನ ಕಡೆಗೆ ತಿರುಗಿದನು. "ಲೇ ಸೀನ, ಅಷ್ಟು ಜನದ ಮುಂದೆ ನೀರು ಎಲ್ಲಿ ಸೇರ್ಸಿದ್ಯೋ?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಸೆಕ್ರೆಟರಿಯವರು ಮಾತ್ರ ನಗಲಿಲ್ಲ. ಲೋಟವನ್ನು ಬಾಣಲಿಯ ನೀರಿನಲ್ಲಿಟ್ಟು ತಾವೇ ಅದರ ಮುಂದೆ ಕುಳಿತರು. ಎರಡು ಪಂಚರಿನಷ್ಟು ಹೊತ್ತು ಇಡೀ ಸಭೆ ಒಂದು ಗಾಜಿನ ಕಡ್ಡಿಯನ್ನು ನೋಡುತ್ತಾ ಕುಳಿತಿತು. ಕಡ್ಡಿ ಏಳುವುದು ಕಣ್ಣಿಗೆ ಕಾಣುವುದಿಲ್ಲ. ಎದ್ದದ್ದು ಮಾತ್ರ ಕಾಣುತ್ತದೆ. ಇಪ್ಪತ್ತಾರು. ಇಪ್ಪತ್ತೇಳು. ಇಪ್ಪತ್ತೆಂಟಕ್ಕೆ ಬಂದಾಗ ಸೆಕ್ರೆಟರಿಯವರು ಎದ್ದು, ಹೆಗಲ ಟವಲು ತೆಗೆದು ಕೈಯಲ್ಲಿ ಹಿಡಿದು, "ಅಕ್ಕಯಮ್ಮ, ತಪ್ಪಾಯ್ತಮ್ಮ" ಎಂದರು. ಹಿಂದೆಯೇ, "ಹಂಗಾರೆ ದೂರದಿಂದ ತಣ್ಣಗೆ ತಂದು ಇಪ್ಪತ್ತಾರು ತೋರ್ಸೋರ ಹಾಲು ಏನು ಲೆಕ್ಕ?" ಎಂದು ಸಭೆಯನ್ನು ನೋಡಿದರು. ಒಂದಿಬ್ಬರು ಕತ್ತಲಾಗುತ್ತಿದೆಯೆಂದು ಎದ್ದರು.

ಅಕ್ಕಯಮ್ಮ ರಿಜಿಸ್ಟರು ತರಿಸಿದರು. ನಾನು ಕೆಂಪು ಬರಹವನ್ನು ಹೊಡೆದುಹಾಕಲು ಹೋದಾಗ ತಡೆದರು. ಅವರಿಗೆ ಓದಲು ಬರುತ್ತಿರಲಿಲ್ಲ. "ಹೊಡೆದ್ರೆ ನಾಳೆ ನೋಡಿದೋರು ಏನೋ ಮುಚ್ಚವ್ರೆ ಅಂತಾರೆ. ಅದು ಅಲ್ಲೇ ಇರ್ಲಿ. ಯಾಕೆ ಹಂಗಾಯ್ತು ಅಂತ ಪಕ್ಕದಾಗೆ ಬರಿ. ಒಂದೊಂದು ದಿನಕ್ಕೂ ಬರಿ." ನಾನು ಪ್ರತಿಯೊಂದು 'ನೀರು' ಎಂಬುದರ ಮುಂದೆಯೂ ಬರೆದೆ: ಹಾಲು ಬಿಸಿಯಾಗಿತ್ತು, ನೋಡಿದವನು ಕಾಯಲಿಲ್ಲ. ಕೆಳಗೆ ಸಹಿ ಮಾಡಿದೆ. ಬರೆದುದನ್ನು ಗಟ್ಟಿಯಾಗಿ ಓದಿಸಿ ಕೇಳಿದರು.

ಮುಂದೆ ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿದೆ. ತಿದ್ದುವಾಗ ಹಳೆಯದನ್ನು ಅಳಿಸಬಾರದು, ಕಾರಣ ಬರೆಯಬೇಕು ಎಂದು ಅಲ್ಲಿ ಹೊಸಬರಿಗೆ ಕಲಿಸುವಾಗಲೆಲ್ಲ ಇದನ್ನು ನನಗೆ ಕಲಿಸಿದವರು ಯಾರೆಂದು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ. ಮುನಿಸ್ವಾಮಿಗೂ ನಾನು ಋಣಿ. ಅವನಿಗೆ ಕೃತಜ್ಞತೆ ಹೇಳಹೋದಾಗ ಅವನಾಗಲೇ ಥರ್ಮಾಮೀಟರ್ ಕೊಂಡಿದ್ದನು. ನನ್ನ ಕಂಕುಳಿನ ಬಿಸಿಯನ್ನು ಅಳೆಯಬೇಕೆಂದು ಒತ್ತಾಯಿಸಿದನೇ ಹೊರತು ಮಾತನ್ನು ಕೇಳಿಸಿಕೊಳ್ಳಲಿಲ್ಲ. ಎಂಬತ್ತರ ದಶಕದುದ್ದಕ್ಕೂ ಅವನ ಹುಚ್ಚುಗಳು ಒಂದರ ಹಿಂದೊಂದು ಬಂದವು. ಬಾಗಿಲಿನ ಹಲಗೆ ಮಾತ್ರ ಒಂದೇ.

ಆ ಸಭೆಯ ಮರುದಿನ, ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಬಾಗಿಲು ತೆಗೆದಾಗ ಅಕ್ಕಯಮ್ಮ ಎಂದಿನಂತೆ ಮೊದಲಿಗರಾಗಿ ನಿಂತಿದ್ದರು. ಬರುವುದಿಲ್ಲವೇನೋ ಎಂದು ನಾನು ಹೆದರಿದ್ದೆ. ನಾನು ಪಾತ್ರೆಯನ್ನು ತೆಗೆದುಕೊಂಡು ತಣಿಯಲೆಂದು ಪಕ್ಕಕ್ಕೆ ಇಡಹೋದೆ.

"ಇಡಬ್ಯಾಡ. ಎರಡು ಕೈಯಾಗೂ ಹಿಡ್ಕೊ" ಎಂದರು. "ಈಗ ಹೇಳಪ್ಪ, ಹೆಂಗೈತೆ?"

ಹಿಡಿದುಕೊಂಡೆ. ಹದಿನಾಲ್ಕು ದಿನವೂ ಇದೇ ಪಾತ್ರೆ ಇದೇ ಕೈಗಳಿಗೆ ಬಂದಿತ್ತು. ಹೊರಗೆ ಮಂಜು, ಬೆರಳುಗಳು ಮರಗಟ್ಟಿದ್ದವು. ಹಿತ್ತಾಳೆಯ ಮೈಯಿಂದ ಬಿಸಿ ಅಂಗೈಗೆ, ಅಂಗೈಯಿಂದ ಮಣಿಕಟ್ಟಿಗೆ ಏರಿತು.

"ಬೆಚ್ಚಗಿದೆ ಅಕ್ಕಯಮ್ಮ."

"ಹ್ಞೂ. ಹಂಗೇ ನಿಂತ್ಕೊ" ಎಂದು ಅವರು ಕಟ್ಟೆಯ ಮೇಲೆ ಕುಳಿತರು. ಸರತಿಯಲ್ಲಿ ಹಿಂದಿದ್ದವರು ತಮ್ಮ ಪಾತ್ರೆಗಳನ್ನು ಇಳಿಸಿ ಅವರ ಪಕ್ಕದಲ್ಲಿ ಕುಳಿತರು. ನಾನು ಎಷ್ಟು ಹೊತ್ತು ಹಾಗೆ ನಿಂತಿದ್ದೆನೆಂಬುದನ್ನು ಎಲ್ಲಿಯೂ ಬರೆದಿಟ್ಟಿಲ್ಲ.